ಸಪ್ಪಳವಿಲ್ಲದ ಊರಿಗೆ ಅಕ್ಕನ ಸವಾರಿ

ಬನಹಟ್ಟಿಯಿಂದ

ಬನಹಟ್ಟಿಯಲ್ಲಿ ಯಾರಾದರೂ ತಲೆ ಡಾಕ್ಟರ ಹತ್ತಿರ ಹೋದರೆ, ಅವರು ತಿರುಗಿ ಮನೆ ಮುಟ್ಟುವುದರೊಳಗೆ ಸುದ್ದಿ ನೂಲಿನ ಅಂಗಡಿಗಳ ಸಾಲನ್ನೆಲ್ಲ ಮುಟ್ಟಿರುತ್ತದೆ. ಬೆಳಗಾವಿಗೆ ಹೋದರೂ ಅಷ್ಟೇ. ಅಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದ ರಬಕವಿಯವರು ಯಾರಾದರೂ ಒಬ್ಬರು ಕೂತೇ ಇರುತ್ತಾರೆ, "ಏನ್ರಿ, ನೀವೂ ಇಲ್ಲೇ?" ಎಂದು ಕೇಳಿಯೇ ಕೇಳುತ್ತಾರೆ. ಆದ್ದರಿಂದ ನಮ್ಮ ಅಕ್ಕ ಗಂಗವ್ವ ತನ್ನ ತಲೆ ತೋರಿಸಿಕೊಳ್ಳಲು ಫಿನ್‌ಲ್ಯಾಂಡಿಗೆ ಹೋದಳು. ಜೊತೆಗೆ ನಾನು. ಓಣಿಯವರಿಗೆ ಮಾತ್ರ "ತಂಗಿ ಮಗಳು ಕರದಾಳ, ಫಾರೆನ್ ನೋಡಿ ಬರ್ತೇವಿ" ಎಂದಷ್ಟೇ ಹೇಳಿದ್ದು.

ನಾವು ಮೂವರು ಅಕ್ಕತಂಗಿಯರು. ದೊಡ್ಡವಳು ಗಂಗವ್ವನನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟರು. ನಡುವಿನವಳು ಮುಧೋಳಕ್ಕೆ ಹೋದಳು. ಸಣ್ಣವಳಾದ ನಾನು ಸರೋಜಾ, ಜಮಖಂಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ಮಕ್ಕಳ ಮೇಲೆ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ರಿಟೈರ್ ಆದವಳು. ಅಕ್ಕನದು ಮುಂದೆ ಮನೆ, ಹಿಂದೆ ಮಗ್ಗದ ಖೋಲಿ, ನಡುವೆ ಒಂದೇ ಗೋಡೆ. ಭಾವ ತೀರಿಕೊಂಡ ಮೇಲೆ ಆ ಪವರ್‌ಲೂಮುಗಳನ್ನು ನಡೆಸಿಕೊಂಡು ಬಂದವಳು ಅವಳೇ. ಮಗ ಶಿವು ಮೀಸೆ ನರೆಯುತ್ತಿರುವ ಗಂಡಸು, ಆದರೂ ಖೋಲಿಯ ಬಾಗಿಲು ತೆಗೆಯಬೇಕಾದರೆ ಅವ್ವನ ಮುಂದೆ ಕೈ ಚಾಚಬೇಕು. ಕೀಲಿಕೈಗಳ ಗೊಂಚಲು ಅಕ್ಕನ ಟೊಂಕ ಬಿಟ್ಟು ಕದಲಿದ್ದನ್ನು ನಾನು ನೋಡಿಲ್ಲ.

ಹೋದ ವರ್ಷ ಒಂದು ದಿನ ಅಕ್ಕ ಪೇಟೆಯಿಂದ ಬರುವಾಗ ತನ್ನದೇ ಓಣಿಯ ತಿರುವಿನಲ್ಲಿ ನಿಂತು ಆಟೋದವನಿಗೆ ತನ್ನ ಮನೆಯ ದಾರಿ ಕೇಳಿದಳಂತೆ. ಅವನು ಚಿಮ್ಮಡದವನು, ಪರಿಚಯದವನೇ. "ಚ್ಯಾಷ್ಟಿ ಮಾಡಬ್ಯಾಡ್ರಿ ಕಾಕೂ" ಎಂದು ನಕ್ಕು ಹೋದನಂತೆ. ಅಕ್ಕನಿಗೆ ನಗು ಬರಲಿಲ್ಲ. ನಮ್ಮ ಅವ್ವ ಕಡೆಗಾಲದಲ್ಲಿ ಹೆತ್ತ ಮಕ್ಕಳಾದ ನಮ್ಮನ್ನೇ "ಯಾ ಊರವರ್ರಿ ನೀವು?" ಎಂದು ಕೇಳುತ್ತಿದ್ದಳು. ಅದು ನಮಗಿಬ್ಬರಿಗೂ ಒಟ್ಟಿಗೇ ನೆನಪಾಯಿತು.

"ಸರೂ, ನನಗೂ ಅವ್ವನ ಬ್ಯಾನಿ ಬರಾಕತ್ತೈತೇನೋ" ಎಂದಳು ಅಕ್ಕ. "ಖರೇನ ಬಂದಿದ್ರ ಚಾವಿ ನಾನ ಶಿವೂನ ಕೈಯಾಗ ಕೊಡ್ತೇನಿ. ಮುಂದೊಂದು ದಿನ ಮಂದಿ ನನ್ನ ಟೊಂಕದಿಂದ ಕಸ್ಕೊಳ್ಳೂದು ಬ್ಯಾಡ."

ಮುಧೋಳದ ತಂಗಿಯ ಮಗಳು ವೀಣಾ ಫಿನ್‌ಲ್ಯಾಂಡಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಮನುಷ್ಯ ಕಣ್ಣು ಮುಚ್ಚಿ ಸುಮ್ಮನೆ ಕೂತಾಗ ಮಿದುಳಿನಲ್ಲಿ ಏಳುವ ಅಲೆಗಳ ಲಯ ಅಳೆಯುವುದು, ವಯಸ್ಸಾದಂತೆ ಆ ಲಯ ಹೇಗೆ ಬದಲಾಗುತ್ತದೆಂದು ನೋಡುವುದು ಅವಳ ಕೆಲಸ. ಸುಮ್ಮನೆ ಕೂತವರನ್ನು ಅಳೆಯಲು ಸಂಬಳ ಕೊಡುವ ದೇಶವೂ ಒಂದಿದೆಯೆಂದು ನಮಗೆ ಗೊತ್ತಾದದ್ದು ಅವಳಿಂದಲೇ. "ದೊಡ್ಡವ್ವನ್ನ ಕರ್ಕೊಂಡು ಬಾ ಚಿಗವ್ವ, ಇಲ್ಲಿ ಯಾರಿಗೂ ಗೊತ್ತಾಗೂದಿಲ್ಲ" ಎಂದಳು. ಹೊರಟೆವು.

ವಿಮಾನ ನಿಲ್ದಾಣಗಳು

ದಾರಿಯಲ್ಲಿ ಎಷ್ಟು ತಪಾಸಣೆಯ ಬಾಗಿಲುಗಳಿದ್ದವೋ ಅಷ್ಟೂ ಅಕ್ಕನನ್ನು ನೋಡಿ ಕೂಗಿಕೊಂಡವು. ಮೊದಲನೆಯ ಬಾಗಿಲಲ್ಲಿ ಪೊಲೀಸ್ ಹುಡುಗಿ ಟೊಂಕದತ್ತ ಕೈ ಮಾಡಿ, "ಅದನ್ನು ತೆಗೆದು ಟ್ರೇಯಲ್ಲಿ ಹಾಕಿ ಅಮ್ಮ" ಎಂದಳು.

"ಹಾಕಂಗಿಲ್ರಿ. ಅದು ಮಗ್ಗದ ಖೋಲಿ ಚಾವಿ."

"ಅಕ್ಕಾ, ಖೋಲಿ ಬನಹಟ್ಟ್ಯಾಗ ಐತಿ. ಚಾವಿ ಯಾಕ ತಂದಿ? ಶಿವು ಏನ್ ಮಾಡ್ತಾನ?"

"ಅವನಿಗೆ ಇನ್ನೊಂದು ಜೋಡಿ ಕೊಟ್ಟು ಬಂದೇನಿ. ಇದು ನಂದು."

ನನಗೆ ಸಿಟ್ಟು ಬಂತು. ಹಿಂದೆ ನಿಂತವರೆಲ್ಲ ಗಡಿಯಾರ ನೋಡಿಕೊಳ್ಳುತ್ತಿದ್ದರು. ಕಡೆಗೆ ಅಕ್ಕ ಗೊಂಚಲನ್ನು ಟ್ರೇಯಲ್ಲಿಟ್ಟಳು, ಆದರೆ ಟ್ರೇ ಆ ಕತ್ತಲ ಗೂಡಿನೊಳಗೆ ಹೋದದ್ದೇ ತಾನೂ ಬಗ್ಗಿ ಅದರೊಳಗೆ ಇಣುಕಿದಳು. ಸರದಿ ನಿಂತೇ ಹೋಯಿತು. ಮುಂದಿನ ನಿಲ್ದಾಣಗಳಲ್ಲಿ ನಾನೇ ಮೊದಲು ದಾಟಿ, ಆ ಕಡೆ ನಿಂತು, "ಬಂತು ನೋಡು, ನನ್ನ ಕೈಯಾಗ ಐತಿ" ಎಂದು ಎತ್ತಿ ತೋರಿಸಬೇಕಾಯಿತು. ನಲವತ್ತು ಮಕ್ಕಳನ್ನು ಗಲಗಲಿಗೆ ಹೊಳೆ ತೋರಿಸಲು ಕರೆದುಕೊಂಡು ಹೋಗಿ ಬಂದವಳು ನಾನು. ಆಗಲೂ ಇಷ್ಟು ಬೆವರಿರಲಿಲ್ಲ.

ವೀಣಾನ ಊರು

ಊರಿನ ಹೆಸರು ನನಗೆ ಬರೆಯಲು ಬರುತ್ತದೆ, ಹೇಳಲು ಬರುವುದಿಲ್ಲ. ಅಕ್ಕ ಆ ಗೋಜಿಗೇ ಹೋಗದೆ "ವೀಣಾನ ಊರು" ಎಂದು ಮುಗಿಸಿದಳು. ದೊಡ್ಡ ಸರೋವರದ ದಂಡೆ, ಎಲ್ಲಿ ನೋಡಿದರೂ ಬಿಳಿ ಕಾಂಡದ ಮರಗಳು. ಜೂನ್ ತಿಂಗಳಾದ್ದರಿಂದ ರಾತ್ರಿಯೂ ಬೆಳಕು.

ಅಲ್ಲಿನ ಜನ ಒಳ್ಳೆಯವರು, ಆದರೆ ಮಾತಿನಲ್ಲಿ ಬಹಳ ಕೈಬಿಗಿ. ಬಸ್ ಸ್ಟಾಪಿನಲ್ಲಿ ಒಬ್ಬರಿಗೊಬ್ಬರು ನಡುವೆ ಒಂದೊಂದು ಎತ್ತಿನ ಗಾಡಿ ಹಾಯುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ಅಕ್ಕ ಹೋಗಿ ಒಬ್ಬ ಅಜ್ಜಿಯ ಮಗ್ಗುಲಿಗೇ ನಿಂತಳು. ಅಜ್ಜಿ ಒಂದು ಹೆಜ್ಜೆ ಸರಿದಳು. ಅಕ್ಕನೂ ಸರಿದಳು. ಹಾಗೇ ಇಬ್ಬರೂ ಸ್ಟಾಪಿನ ತುದಿ ಮುಟ್ಟಿದರು. ಅಲ್ಲಿಂದ ಆಚೆ ಸರಿಯಲು ಜಾಗವಿಲ್ಲದೆ ಅಜ್ಜಿ ಸೋತು ನಕ್ಕಳು. ಅಕ್ಕ ಅವಳ ಸ್ವೆಟರಿನ ಅಂಚು ಹಿಡಿದು ನೋಡಿ, "ನೂಲು ಛಲೋ ಐತಿ" ಎಂದಳು. ಅಜ್ಜಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಬಸ್ಸು ಬರುವ ತನಕ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ನೂಲಿನ ಮಾತಾಡಿದರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಮನೆಯೊಳಗೆ ಬರುವವರು ನಮ್ಮ ಹಾಗೆ ಚಪ್ಪಲಿ ಹೊರಗೆ ಬಿಡುತ್ತಾರೆಂದು ತಿಳಿದು ಅಕ್ಕನಿಗೆ ಈ ಮಂದಿಯ ಮೇಲೆ ವಿಶ್ವಾಸ ಬಂತು. ಅವರ ಒಣ ರೊಟ್ಟಿಯನ್ನು ಮುರಿದು ನೋಡಿ, "ನಮ್ಮ ಕಟಕ್ ರೊಟ್ಟಿನ ಇದು, ಜ್ವಾಳ ಸಿಗದ ಏನೋ ಮಾಡ್ಯಾರ ಪಾಪ" ಎಂದು ಶೇಂಗಾ ಹಿಂಡಿ ಹಚ್ಚಿ ತಿಂದಳು. ಉದ್ದ ಕಾಲಿನ, ಹೊಟ್ಟೆ ಒಳಗೆ ಹೋದ ನಾಯಿಯೊಂದನ್ನು ಕಂಡು "ಇದು ನಮ್ಮ ಮುಧೋಳದ್ದು" ಎಂದು ಹಟ ಹಿಡಿದಳು. ಅಲ್ಲವೆಂದು ಹೇಳಿದ್ದಕ್ಕೆ ವೀಣಾನ ಮೇಲೇ ಮುನಿಸಿಕೊಂಡಳು. ಅವರು ಪ್ರೀತಿಯಿಂದ ಕೊಟ್ಟ ಕರಿಯ ಮಿಠಾಯಿ ಮಾತ್ರ ಉಪ್ಪುಪ್ಪಾಗಿತ್ತು. ಅಕ್ಕ ಅದನ್ನು ಸೆರಗಿನಲ್ಲಿ ಉಗುಳಿಕೊಂಡು, ಕೊಟ್ಟವರತ್ತ ನೋಡಿ ನಕ್ಕು ತಲೆಯಾಡಿಸಿದಳು.

ಒಂದೇ ತೊಂದರೆಯೆಂದರೆ ಅಕ್ಕನಿಗೆ ನಿದ್ದೆ ಬರಲಿಲ್ಲ. ಬೆಳಕಿನಿಂದ ಇರಬೇಕೆಂದು ಕಿಟಕಿಗೆ ಅವಳ ಕರಿ ಸೀರೆ ಕಟ್ಟಿದೆ. ಕೋಣೆ ಕತ್ತಲಾಯಿತು, ಅಕ್ಕ ಆ ಕತ್ತಲಲ್ಲಿ ಎದ್ದು ಕೂತಳು. ಹಗಲು ಊಟದ ಮೇಲೆ ಅಡ್ಡಾದರೂ ಅದೇ ಗತಿ, ಕಣ್ಣು ಮುಚ್ಚುವುದು, ತೆಗೆಯುವುದು. ನನಗೆ ಒಳಗೊಳಗೇ ಹೆದರಿಕೆ ಶುರುವಾಯಿತು. ಅವ್ವನಿಗೂ ಮೊದಲು ಕೆಟ್ಟಿದ್ದು ನಿದ್ದೆಯೇ.

ಎಣ್ಣೆ

ಪ್ರಯೋಗಾಲಯಕ್ಕೆ ಹೋಗುವ ದಿನ ಅಕ್ಕ ಬೇಗ ಎದ್ದು, ಬನಹಟ್ಟಿಯಿಂದ ತಂದ ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ಬಡಿದು, ಬಾಚಿ, ಬಿಗಿಯಾಗಿ ಗಂಟು ಹಾಕಿ, ಕೈಮುಗಿದು ತಯಾರಾದಳು. ಒಳ್ಳೆಯ ಕೆಲಸಕ್ಕೆ ಹೊರಟಾಗ ಒಣ ತಲೆಯಲ್ಲಿ ಹೋಗುವುದುಂಟೇ? ನನಗೂ ಹಚ್ಚಿದಳು.

ವೀಣಾ ಬಾಗಿಲಲ್ಲೇ ಹಣೆ ಹಿಡಿದುಕೊಂಡಳು. "ಏನ್ ಮಾಡೀ ಬೇ ದೊಡ್ಡವ್ವಾ! ಎಣ್ಣಿ ತಲಿಗೆ ತಂತಿ ಹಿಡಿಯೂದಿಲ್ಲ. ಫೋನಿನ್ಯಾಗ ಹೇಳಿದ್ನೆಲ್ಲ, ತಲಿ ತೊಳಕೊಂಡು ಬರ್ರಿ ಅಂತ?"

"ತೊಳದ ಹಚ್ಚೇನಿ" ಎಂದಳು ಅಕ್ಕ.

ವೀಣಾನ ಮೇಲಧಿಕಾರಿ ಐನೋ ಎಂಬ ಎತ್ತರದ ಹೆಂಗಸು. ಬೆಳ್ಳಿ ಕೂದಲು, ಮುಖದಲ್ಲಿ ನಗು ಅಪರೂಪ. ಅವಳು ಅಂಗಿಯ ತೋಳು ಮಡಿಸಿ, ಅಕ್ಕನನ್ನು ಒಂದು ಬೇಸಿನ್ ಮುಂದೆ ಕೂರಿಸಿ ತಾನೇ ತಲೆ ತೊಳೆಯಲು ನಿಂತಳು. ಶಾಂಪೂ ಹಾಕಿದಳು, ಮತ್ತೆ ಹಾಕಿದಳು, ಮತ್ತೂ ಹಾಕಿದಳು. ಬನಹಟ್ಟಿಯ ಎಣ್ಣೆ ಜಗ್ಗಲಿಲ್ಲ. ಆ ದಿನದ ಅಳತೆ ತಪ್ಪಿತು. ಆದರೆ ತೊಳೆಸಿಕೊಳ್ಳುತ್ತ ಕೂತಾಗ ಅಕ್ಕ ಕಣ್ಣು ತುಂಬಿಕೊಂಡಳು. "ಅವ್ವ ಸತ್ತ ಮ್ಯಾಲ ನನ್ನ ತಲಿ ಯಾರೂ ತೊಳದಿದ್ದಿಲ್ಲ" ಎಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಐನೋ ಅಕ್ಕನ ಹಣೆಯ ಮೇಲಿನ ನೊರೆಯನ್ನು ಅಂಗೈಯಿಂದ ಒರೆಸಿದಳು. ಆ ಹೆಂಗಸಿನ ಮೇಲೆ ನನಗೆ ಅವತ್ತೇ ಪ್ರೀತಿ ಹುಟ್ಟಿತು.

ಸುಮ್ಮನೆ ಕೂಡುವ ಕೋಣೆ

ಮರುದಿನ ಒಣ ತಲೆಯಲ್ಲಿ ಹೋದೆವು. ಮೊದಲು ವೀಣಾ ಕನ್ನಡದಲ್ಲೇ ಒಂದಿಷ್ಟು ನೆನಪಿನ ಪ್ರಶ್ನೆ ಕೇಳಿ, ಅಕ್ಕನ ಉತ್ತರಗಳನ್ನು ಬರೆದುಕೊಂಡಳು. ತೂತುತೂತಿನ ಟೊಪ್ಪಿಗೆಯೊಂದನ್ನು ಅಕ್ಕನ ತಲೆಗೆ ಏರಿಸಿ, ಪ್ರತಿ ತೂತಿನಲ್ಲೂ ಗಂಜಿಯಂಥದ್ದೇನನ್ನೋ ತುಂಬಿ, ತಂತಿಗಳನ್ನು ಸಿಕ್ಕಿಸಿದರು. ಅಕ್ಕ ಕನ್ನಡಿ ತರಿಸಿ ನೋಡಿಕೊಂಡು, "ಥೇಟ್ ಹಾಸಿನ ಎಳಿ ತುಂಬಿದ ಮಗ್ಗ" ಎಂದಳು. ಫೋಟೋ ತೆಗೆಯಲು ಮಾತ್ರ ಬಿಡಲಿಲ್ಲ.

ಆಮೇಲೆ ಅವಳನ್ನು ದಪ್ಪ ಗೋಡೆಯ ಸಣ್ಣ ಕೋಣೆಯಲ್ಲಿ ಆರಾಮ ಕುರ್ಚಿಯ ಮೇಲೆ ಕೂರಿಸಿದರು. ಬಾಗಿಲು ಹಾಕಿದರೆ ಒಳಗೆ ಹೊರಗಿನ ಒಂದು ಸಪ್ಪಳವೂ ಹೋಗುವುದಿಲ್ಲ. ಕಣ್ಣು ಮುಚ್ಚಿ ಆರಾಮಾಗಿ ಕೂಡಬೇಕು, ಏನೂ ಮಾಡಬಾರದು, ಅಷ್ಟೇ ಪರೀಕ್ಷೆ. ನಾವು ಹೊರಗೆ ಗಾಜಿನ ಈಚೆ, ಪರದೆಯ ಮುಂದೆ. ಕಣ್ಣು ಮುಚ್ಚಿದೊಡನೆ ತಲೆಯ ಹಿಂಭಾಗದ ಗೆರೆಗಳಲ್ಲಿ ಒಂದೇ ಸಮನೆ ಅಲೆ ಏಳಬೇಕು, ಅದು ಎಷ್ಟು ಚುರುಕೋ ಎಷ್ಟು ನಿಧಾನವೋ ಎಂಬುದನ್ನೇ ನಾವು ಅಳೆಯುವುದು ಎಂದು ವೀಣಾ ನನಗೆ ತಿಳಿಸಿಕೊಟ್ಟಳು.

ಅಲೆ ಏಳಲಿಲ್ಲ. ಗೆರೆಗಳೆಲ್ಲ ಗೀಚಿದ ಹಾಗೆ ಅಡ್ಡಾದಿಡ್ಡಿ. ಅಕ್ಕನ ಹಣೆ ಗಂಟಾಗಿತ್ತು, ದವಡೆ ಬಿಗಿದಿತ್ತು, ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಐನೋ ಮೈಕಿನಲ್ಲಿ ವೀಣಾನಿಂದ ಮೆಲ್ಲಗೆ ಹೇಳಿಸಿದಳು, ಆರಾಮಾಗಿರಿ ಎಂದು. "ಆರಾಮ ಅದೇನಿ" ಎಂದು ಉತ್ತರ ಬಂತು. ಮತ್ತೊಮ್ಮೆ ಅಳೆದರು, ಮತ್ತೂ ಒಮ್ಮೆ. ಅದೇ ಗೀಚು. ಐನೋ ವೀಣಾನಿಗೆ ಅವರ ಭಾಷೆಯಲ್ಲಿ ಏನೋ ಹೇಳಿದಳು, ವೀಣಾ ತಲೆ ತಗ್ಗಿಸಿದಳು. ನಾನು ಕೇಳಿದ್ದಕ್ಕೆ, "ಆಕಿ ರೆಸ್ಟ್ ಮಾಡಾಕತ್ತಿಲ್ಲ ಚಿಗವ್ವ. ಹಿಂಗಾದ್ರ ಏನೂ ಹೇಳಾಕ ಬರೂದಿಲ್ಲ" ಎಂದಳು. ಹೇಳಲು ಬರುವುದಿಲ್ಲವೋ, ಹೇಳಲು ಮನಸ್ಸಿಲ್ಲವೋ ನನಗೆ ತಿಳಿಯಲಿಲ್ಲ.

ಗಾಜಿನ ಆಚೆಯಿಂದ ಅಕ್ಕ ನಮ್ಮ ಮುಖ ನೋಡುತ್ತಿದ್ದಳು. ಅವಳಿಗೆ ಓದಲು ಬರುವುದು ಅಷ್ಟಕ್ಕಷ್ಟೇ, ಮುಖ ಓದುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿಲ್ಲ.

ಮನೆಗೆ ಬಂದು ಕೂದಲಿನ ಗಂಜಿ ತೊಳೆದುಕೊಂಡಾದ ಮೇಲೆ ಅಕ್ಕ ನನ್ನ ಹತ್ತಿರ ಬಂದು, ಟೊಂಕದ ಗೊಂಚಲು ಬಿಚ್ಚಿ ನನ್ನ ಮಡಿಲಲ್ಲಿಟ್ಟಳು.

"ಊರಿಗೆ ಹೋದಕೂಡ್ಲೆ ಶಿವೂಗ ಕೊಡು. ನನಗ ನೆನಪ ಹಾರಿದ್ರ ನೀನಾರ ಕೊಡು."

"ಅಕ್ಕಾ, ಅವರು ಇನ್ನೂ ಏನೂ ಹೇಳಿಲ್ಲ."

"ಹೇಳೂದೇನೈತಿ? ಸುಮ್ಮ ಕೂಡಂದ್ರ ಸುಮ್ಮ ಕೂಡಾಕ ಬರಲಿಲ್ಲ ನನಗ. ಅಷ್ಟೂ ಬರದ ತಲಿ ಯಾತಕ್ಕ ಬಂತು?"

ನಾನು ಗೊಂಚಲನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ತುಂಬಾ ಭಾರವಿತ್ತು. ಹೊರಗೆ ಹೋಗಿ, ಜಮಖಂಡಿಯ ಹೈಸ್ಕೂಲಿನಲ್ಲಿ ಎಂದೂ ಅಳದಿದ್ದ ನಾನು ಆ ಬಿಳಿ ಮರಗಳ ಕೆಳಗೆ ನಿಂತು ಅತ್ತೆ. ದಾರಿಯಲ್ಲಿ ಹೋಗುವವರು ಯಾರೂ ಯಾಕೆಂದು ಕೇಳಲಿಲ್ಲ. ನಮ್ಮ ಕಡೆಯಾಗಿದ್ದರೆ ಹತ್ತು ಮಂದಿ ಸುತ್ತುಗಟ್ಟುತ್ತಿದ್ದರು, ಒಬ್ಬಾಕೆ ನೀರು ತರುತ್ತಿದ್ದಳು.

ಬಟ್ಟೆ ಒಗೆಯುವ ಖೋಲಿ

ಮರುದಿನ ಮಧ್ಯಾಹ್ನ ಅಕ್ಕ ಕಾಣಿಸಲಿಲ್ಲ. ಪಡಸಾಲೆಯಲ್ಲಿಲ್ಲ, ಅಂಗಳದಲ್ಲಿಲ್ಲ. ದಾರಿ ತಪ್ಪಿದಳೆಂದು ರಸ್ತೆಯ ತಿರುವಿನ ತನಕ ಓಡಿ ನೋಡಿ ಬಂದೆ. ವೀಣಾನ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಸೇರಿ ನೆಲಮಾಳಿಗೆಯಲ್ಲಿ ಒಂದು ಬಟ್ಟೆ ಒಗೆಯುವ ಖೋಲಿ ಇದೆ. ಕಡೆಗೆ ಅಲ್ಲಿಗೂ ಇಳಿದು ನೋಡಿದೆ. ದೊಡ್ಡ ಮಷೀನುಗಳು ದಡಬಡ ಎನ್ನುತ್ತ ತಿರುಗುತ್ತಿದ್ದವು. ಅವುಗಳ ಮಗ್ಗುಲಿನ ಬೆಂಚಿನ ಮೇಲೆ, ಗೋಡೆಗೆ ತಲೆ ಆನಿಸಿ, ಬಾಯಿ ತೆರೆದುಕೊಂಡು ಅಕ್ಕ ಗಾಢ ನಿದ್ದೆಯಲ್ಲಿದ್ದಳು. ಊರು ಬಿಟ್ಟ ಮೇಲೆ ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ಕಂಡಿರಲಿಲ್ಲ.

ಎಬ್ಬಿಸಲು ಮನಸ್ಸಾಗದೆ ಪಕ್ಕದಲ್ಲೇ ಕೂತೆ. ಆ ಗದ್ದಲದಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಒಂದೊಂದೇ ಮಷೀನು ನಿಂತು, ಕಡೆಯದೂ ನಿಂತ ಗಳಿಗೆಯಲ್ಲಿ ಅಕ್ಕ ಥಟ್ಟನೆ ಎದ್ದು ಕೂತು, "ಕರೆಂಟ್ ಹೋತೇನು?" ಎಂದಳು.

ಆಗ ನನಗೆ ಎಲ್ಲ ತಿಳಿಯಿತು. ಬನಹಟ್ಟಿಯಲ್ಲಿ ಮಧ್ಯಾಹ್ನದ ಊಟ ಮುಗಿಸಿಯಾಗಲಿ, ಮಗ್ಗ ಓಡುವ ರಾತ್ರಿಯಾಗಲಿ, ಮಗ್ಗದ ಖೋಲಿಯ ಗೋಡೆಗೆ ಹತ್ತಿಕೊಂಡೇ ಚಾಪೆ ಹಾಸಿ ಮಲಗುವವಳು ಅವಳು. ಗೋಡೆಯಾಚೆ ಮಗ್ಗಗಳು ಖಟಖಟ ಎನ್ನುತ್ತಿರುವ ತನಕ ಆನೆ ಬಂದರೂ ಏಳುವುದಿಲ್ಲ. ಸಪ್ಪಳ ನಿಂತರೆ ಸಾಕು, ಎದ್ದುಬಿಡುತ್ತಾಳೆ. ಒಂದು ಮಗ್ಗ ನಿಂತರೆ ಎಳೆ ಹರಿದಿರಬೇಕು, ಎಲ್ಲವೂ ನಿಂತರೆ ಕರೆಂಟ್ ಹೋಗಿರಬೇಕು, ಎರಡಕ್ಕೂ ಅವಳು ಏಳಬೇಕು. ಅವಳೊಬ್ಬಳೇ ಅಲ್ಲ, ಕರೆಂಟ್ ಹೋದರೆ ಇಡೀ ಓಣಿಯೇ ಎಚ್ಚರಾಗಿ ಬಾಗಿಲಿಗೆ ಬರುತ್ತದೆ. ಅಂಥವಳನ್ನು ನಾವು ಈ ಭೂಮಿಯ ಮೇಲಿನ ಅತಿ ಶಾಂತವಾದ ಕೋಣೆಯಲ್ಲಿ ಕೂಡಿಹಾಕಿ, ಆರಾಮಾಗಿರು ಎಂದು ಹೇಳಿದ್ದೆವು.

ಹೋಗಿ ವೀಣಾನಿಗೆ ಹೇಳಿದೆ. ಮುಧೋಳದ ಮಗಳು, ಅವಳ ಮನೆಯಲ್ಲಿ ಮಗ್ಗವಿಲ್ಲ. "ರಜಾದಾಗ ದೊಡ್ಡವ್ವನ ಮನಿಗೆ ಬಂದ್ರ ನನಗ ಆ ಸಪ್ಪಳದಾಗ ನಿದ್ದಿನ ಬರ್ತಿದ್ದಿಲ್ಲ. ಆಕಿಗೆ ಇದು ತಿರಗಾಮುರಗಾ ಅಂತ ನನಗ ಹೊಳೀಲಿಲ್ಲ ನೋಡು" ಎಂದು ಐನೋಗೆ ಫೋನ್ ಹಚ್ಚಿದಳು. ಐನೋ ಎಲ್ಲ ಕೇಳಿಸಿಕೊಂಡು, ತಮ್ಮ ಅಧ್ಯಯನಕ್ಕೆ ಇದನ್ನು ಸೇರಿಸಲು ಬರುವುದಿಲ್ಲ, ಆದರೆ ಗಂಗವ್ವನಿಗೋಸ್ಕರ ಇನ್ನೊಮ್ಮೆ ಅಳೆಯೋಣ ಎಂದಳಂತೆ.

ಮತ್ತೆ ಆ ಕೋಣೆ

ಮಗ್ಗದ ಸಪ್ಪಳ ತರಿಸುವುದು ನಾವು ತಿಳಿದಷ್ಟು ಸುಲಭವಾಗಲಿಲ್ಲ. ಶಿವೂಗೆ ವಿಡಿಯೋ ಕಾಲ್ ಮಾಡಿ, ಖೋಲಿಯೊಳಗೆ ನಿಲ್ಲಲು ಹೇಳಿದೆವು. ಪರದೆಯಲ್ಲಿ ಮಗ್ಗಗಳು ಓಡುತ್ತಿದ್ದವು, ಆದರೆ ಕೇಳಿಸುತ್ತಿದ್ದುದು ಶಿವುನ ಕೂಗು ಮಾತ್ರ. "ಕೇಳ್ತೈತೇನ್ ಚಿಗವ್ವಾ? ಕೇಳ್ತೈತೇನ್?" ಹಿಂದಿನ ಗದ್ದಲವನ್ನೆಲ್ಲ ಫೋನು ತಾನೇ ಸೋಸಿ ತೆಗೆದುಬಿಡುತ್ತದೆಯಂತೆ. ಬನಹಟ್ಟಿಯ ಅನ್ನವೇ ಆ ಗದ್ದಲವೆಂದು ಫೋನಿಗೇನು ಗೊತ್ತು? ಕಡೆಗೆ ಅವನು ಮಗ್ಗದ ಪಕ್ಕ ಫೋನಿಟ್ಟು, ಬರೀ ಸಪ್ಪಳ ರೆಕಾರ್ಡ್ ಮಾಡಿ ಕಳಿಸಿದ. ಯಾಕೆಂದು ಅವನು ಕೇಳಲಿಲ್ಲ. ಕಡೆಯಲ್ಲಿ, "ಯವ್ವ ಆರಾಮ ಅದಾಳಿಲ್ಲೋ?" ಎಂದಷ್ಟೇ ಸಣ್ಣ ದನಿಯಲ್ಲಿ ಕೇಳಿದ. ಅವನಿಗೆಲ್ಲ ಗೊತ್ತಿತ್ತು.

ಅಕ್ಕ ಬರಲು ಒಪ್ಪಲಿಲ್ಲ. "ಒಮ್ಮೆ ನಪಾಸಾದೆ, ಸಾಕು" ಎಂದಳು. "ಎಷ್ಟು ನಪಾಸು ಹುಡುಗ್ರನ್ನ ಮತ್ತ ಪರೀಕ್ಷಾಕ್ಕ ಕೂಡ್ಸೇನಿ ನಾನು. ಎದ್ದೇಳು" ಎಂದು ಗದರಿ ಎಬ್ಬಿಸಿದೆ. ಅಕ್ಕನನ್ನು ಗದರಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅವಳು ತೆಪ್ಪಗೆ ಎದ್ದು ಬಂದಳು.

ಮತ್ತೆ ಟೊಪ್ಪಿಗೆ, ಗಂಜಿ, ತಂತಿ, ದಪ್ಪ ಬಾಗಿಲು. ಕಣ್ಣು ಮುಚ್ಚಲು ಹೇಳಿ ಐನೋ ಗುಂಡಿ ಒತ್ತಿದಳು. ಗೋಡೆಯ ಸ್ಪೀಕರಿನಿಂದ ನಮ್ಮ ಬನಹಟ್ಟಿ ಆ ಕೋಣೆಯೊಳಗೆ ನುಗ್ಗಿತು. ಖಟಖಟ, ಖಟಖಟ. ಅಕ್ಕನ ಹುಬ್ಬು ಮೇಲೇರಿತು, ತುಟಿಯಲ್ಲಿ ಸಣ್ಣ ನಗು ಬಂತು. ಆಮೇಲೆ ಹಣೆಯ ಗಂಟು ಬಿಚ್ಚಿತು. ಕುರ್ಚಿಯ ಕೈ ಹಿಡಿದಿದ್ದ ಬೆರಳು ಒಂದೊಂದೇ ಸಡಿಲಾದವು.

ಪರದೆಯ ಮೇಲೆ ಗೀಚು ಕಮ್ಮಿಯಾಗುತ್ತ ಬಂದು, ಹಿಂಭಾಗದ ಗೆರೆಗಳಲ್ಲಿ ಅಲೆ ಎದ್ದಿತು. ಒಂದರ ಹಿಂದೆ ಒಂದು, ಒಂದೇ ಸಮನೆ. ಯಾವ ಪದವಿಯೂ ಬೇಕಾಗಿರಲಿಲ್ಲ, ನನಗೂ ಕಂಡಿತು. ಐನೋ ನಕ್ಕಳು. ಆ ನಗುವಿನಲ್ಲಿ ಅವಳು ಎಷ್ಟು ಚೆಂದ ಕಂಡಳೆಂದರೆ, ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದಳೋ ಎನಿಸಿತು.

ವೀಣಾ ನನ್ನ ಕೈ ಹಿಡಿದು ಕನ್ನಡದಲ್ಲಿ ಮೆಲ್ಲಗೆ ಹೇಳಿದಳು. "ಆಕಿ ವಯಸ್ಸಿಗೆ ಎಷ್ಟು ಚುರುಕ ಇರಬೇಕೋ ಅಷ್ಟ ಐತಿ ಚಿಗವ್ವ. ಆದ್ರ ಇದೊಂದರಿಂದನ ಎಲ್ಲಾ ಹೇಳಾಕ ಬರೂದಿಲ್ಲ. ನೆನಪಿನ ಪ್ರಶ್ನಿ ಕೇಳಿದಾಗ ಕೆಲವ ಕಡೆ ತಪ್ಪ್ಯಾಳ, ಅದನ್ನ ಕಾಯಬೇಕು. ಮುಂದಿನ ವರ್ಷ ಮತ್ತ ಅಳದ್ರ, ಬದಲಾಗೈತೋ ಇಲ್ಲೋ ತಿಳೀತೈತಿ."

ಪೂರಾ ಪಾಸಾಗಲಿಲ್ಲ, ನಪಾಸೂ ಅಲ್ಲ. ನಾನು ಮೇಷ್ಟರಾಗಿದ್ದವಳು, ಇಂಥ ಫಲಿತಾಂಶ ಹಿಡಿದು ಮನೆಗೆ ಹೋದ ಮಕ್ಕಳು ಮುಂದಿನ ವರ್ಷ ಚೆನ್ನಾಗಿಯೇ ಬಂದದ್ದನ್ನು ನೋಡಿದ್ದೇನೆ. ಗಾಜಿಗೆ ಹಣೆ ಹಚ್ಚಿ ನಿಂತು, ಅಕ್ಕನ ಸಡಿಲಾದ ಮುಖವನ್ನು ನೋಡುತ್ತ, ಕಣ್ಣು ಒರೆಸಿಕೊಂಡೆ.

ಅಷ್ಟರಲ್ಲಿ ಶಿವು ಕಳಿಸಿದ ಸಪ್ಪಳ ಮುಗಿಯಿತು.

ಅಕ್ಕ ಥಟ್ಟನೆ ಕಣ್ಣು ತೆಗೆದಳು. ತಲೆಯ ತುಂಬ ತಂತಿ, ಆದರೂ ಅರ್ಧ ಎದ್ದಳು. ಅವಳ ಬಲಗೈ ತಾನಾಗಿಯೇ ಟೊಂಕಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಎಡಗಡೆ ಮುಟ್ಟಿ ನೋಡಿದಳು, ಕುರ್ಚಿಯ ಮೇಲೆ ತಡಕಿದಳು. ಆಮೇಲೆ ತಲೆಯೆತ್ತಿ ಗಾಜಿನ ಈಚೆ ನೇರವಾಗಿ ನನ್ನನ್ನೇ ನೋಡಿದಳು. ಗೊಂಚಲನ್ನು ತಾನು ಯಾರ ಹತ್ತಿರ ಕೊಟ್ಟಿದ್ದೆನೆಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು.

ಐನೋ ಬಾಗಿಲು ತೆಗೆಯುವುದರೊಳಗೆ ನಾನು ಕೈಚೀಲದಿಂದ ಗೊಂಚಲು ತೆಗೆದಿದ್ದೆ. ಅಕ್ಕ ಕೈ ಚಾಚಿಕೊಂಡೇ ಕೂತಿದ್ದಳು.

"ಇಲ್ಲಿ ತಾ ಸರೂ. ಎಳಿ ಹರದಿರಬೇಕು, ನೋಡ್ತೇನಿ."